ಮಿರಿಯಂ ಎಂದರೆ ಕಹಿಯೇ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಎರಡು ತಿಂಗಳು. ನಮ್ಮ ಯಜಮಾನರ ಅಜ್ಜಿಯ ಹೆಸರು ಮರಿಯಮ್ಮ. ಅದನ್ನೇ ಸ್ವಲ್ಪ ಹೊಸದು ಮಾಡಿ ‘ಮಿರಿಯಂ’ ಎಂದು ಇಡೋಣ ಅಂದುಕೊಂಡೆವು. ಇಂಟರ್‌ನೆಟ್ಟಿನಲ್ಲಿ ಅರ್ಥ ಹುಡುಕಿದರೆ ಒಂದು ಕಡೆ ‘ಕಹಿ’, ಒಂದು ಕಡೆ ‘ದಂಗೆ’, ಇನ್ನೊಂದು ಕಡೆ ‘ಸಮುದ್ರದ ನಕ್ಷತ್ರ’ ಎಂದಿದೆ. ಕಹಿ ಅಂತ ಅರ್ಥ ಬರುವ ಹೆಸರು ಮಗುವಿಗೆ ಬೇಡವೇ ಬೇಡ ಎಂದು ಅತ್ತೆ ಹಟ ಹಿಡಿದಿದ್ದಾರೆ. ಪಕ್ಕದ ಮನೆಯವರು ಇದು ನಮ್ಮ ಮಾರಿಯಮ್ಮನ ಹೆಸರೇ ಅಲ್ಲವಾ ಅನ್ನುತ್ತಾರೆ. ಯಾವುದು ಸರಿ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಮೊದಲು ಅತ್ತೆಯವರ ಅಂಜಿಕೆ ಕಳೆಯೋಣ, ವ್ಯಾಕರಣ ಆಮೇಲೆ. ‘ಕಹಿ’ ಈ ಹೆಸರಿನ ಹುಟ್ಟರ್ಥವಲ್ಲ. ಹೆಸರು ಬಳಕೆಗೆ ಬಂದು ನೂರಾರು ವರ್ಷವಾದ ಮೇಲೆ, ಇದೇಕೆ ಹೀಗಿದೆ ಎಂದು ತಲೆ ಕೆಡಿಸಿಕೊಂಡವರು ಹಚ್ಚಿದ ಅರ್ಥ ಅದು. ‘ದಂಗೆ’ಯೂ ಅದೇ ಜಾತಿಯದು. ‘ಸಮುದ್ರದ ನಕ್ಷತ್ರ’ವಂತೂ ಪ್ರತಿ ಮಾಡುವವರ ಕೈತಪ್ಪಿನಿಂದ ಹುಟ್ಟಿತೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನನ್ನನ್ನು ಕೇಳಿದರೆ ಈ ಹೆಸರಿನೊಳಗೆ ಕೂತಿರುವುದು ‘ಪ್ರೀತಿಯ’ ಎನ್ನುವ ಈಜಿಪ್ಟಿನ ಮಾತು. ಹಾಗೇಕೆ ಅನ್ನುತ್ತೇನೆ ಎಂದು ಹೇಳಲು ಸ್ವಲ್ಪ ದೂರ ಹೋಗಿಬರಬೇಕು.

ಹೀಬ್ರೂವಿನಲ್ಲಿ ಈ ಹೆಸರಿಗೆ ನಾಲ್ಕೇ ಅಕ್ಷರ: ಮೇಮ್, ರೇಶ್, ಯೋದ್, ಮತ್ತೆ ಮೇಮ್. ಬರೆಯುವುದು ಬಲದಿಂದ ಎಡಕ್ಕೆ. ಪದದ ಕೊನೆಯಲ್ಲಿ ಬರುವ ಮೇಮ್ ಮುಚ್ಚಿದ ಪೆಟ್ಟಿಗೆಯಂತೆ ಚೌಕಾಕಾರ ತಾಳುತ್ತದೆ. ಒಟ್ಟಿನಲ್ಲಿ ಮ್-ರ್-ಯ್-ಮ್. ಹಳೆಯ ಹೀಬ್ರೂ ಬರವಣಿಗೆಯಲ್ಲಿ ಸ್ವರಚಿಹ್ನೆಗಳೇ ಇಲ್ಲ. ಕಾಗುಣಿತವಿಲ್ಲದ ಕನ್ನಡವನ್ನು ಊಹಿಸಿಕೊಳ್ಳಿ: ಬರೀ ‘ಮರ’ ಎಂದು ಬರೆದಿಟ್ಟರೆ ಮರ, ಮರಿ, ಮಾರಿ, ಮೂರು, ಮೊರೆ ಇಷ್ಟನ್ನೂ ಓದಬಹುದು, ಯಾವುದೆಂದು ಗೊತ್ತಾಗುವುದು ಓದುವವನ ಬಾಯಿರೂಢಿಯಿಂದ. ಹೀಬ್ರೂ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಮೊದಲ ದಿನವೇ ಬೋರ್ಡಿನ ಮೇಲೆ ಈ ನಾಲ್ಕಕ್ಷರ ಬರೆದು, ಓದಿ ನೋಡೋಣ ಎನ್ನುತ್ತಿದ್ದೆ. ಒಂದು ವರ್ಷ ಧಾರವಾಡದ ಹುಡುಗ ‘ಮಿರ್ಯಾಮ್’ ಎಂದ, ಕೋಟ್ಟಯಂನಿಂದ ಬಂದವನು ‘ಮರಿಯಂ’ ಎಂದ, ಮಂಗಳೂರಿನವನು ಸ್ವಲ್ಪ ತಡೆದು ‘ಮರಿಯಾ ಅಲ್ಲವಾ ಸಾರ್’ ಎಂದ. ಮೂವರಿಗೂ ಪೂರ್ತಿ ಅಂಕ ಕೊಟ್ಟೆ.

ಈಗಿನ ಹೀಬ್ರೂ ಬೈಬಲ್ಲಿನಲ್ಲಿ ಅಕ್ಷರಗಳ ಕೆಳಗೂ ಮೇಲೂ ಕಾಣುವ ಚುಕ್ಕೆ ಗೀಟುಗಳು ಮಸೊರೆಟರು ಎಂಬ ಪಂಡಿತರ ಕೆಲಸ. ಗಲಿಲಾಯ ಸರೋವರದ ದಂಡೆಯ ತಿಬೇರಿಯದಲ್ಲಿ, ಕ್ರಿ.ಶ. 7ರಿಂದ 10ನೇ ಶತಮಾನದ ನಡುವೆ ಅವರು ಈ ಹೆಸರಿಗೆ ‘ಮಿರ್ಯಾಮ್’ ಎಂದು ಸ್ವರ ಹಾಕಿದರು. ಆದರೆ ಅವರಿಗಿಂತ ಸಾವಿರ ವರ್ಷ ಹಿಂದೆ, ಕ್ರಿ.ಪೂ. 3ನೇ ಶತಮಾನದಲ್ಲಿ, ಅಲೆಕ್ಸಾಂಡ್ರಿಯದ ಯೆಹೂದಿಗಳು ಮೋಶೆಯ ಗ್ರಂಥಗಳನ್ನು, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳನ್ನು, ಗ್ರೀಕಿಗೆ ತಂದಿದ್ದರು. ಗ್ರೀಕಿನಲ್ಲಿ ಸ್ವರ ಬರೆಯದೆ ಗತ್ಯಂತರವಿಲ್ಲ. ಅವರು ಬರೆದದ್ದು ‘ಮರಿಯಾಮ್’. ಅಂದರೆ ಹಳೆಯ ಉಚ್ಚಾರ ‘ಮರ್ಯಾಮ್’. ಒತ್ತು ಬೀಳುವುದು ಕೊನೆಯ ಅಕ್ಷರದ ಮೇಲಾದ್ದರಿಂದ ಮೊದಲಿನ ‘ಅ’ ಸವೆದು ‘ಇ’ ಆಯಿತು. ಈ ಸವಕಳಿ ಬೇರೆ ಕಡೆಯೂ ಕಾಣುತ್ತದೆ. ಗೋಪುರಕ್ಕೆ ಹೀಬ್ರೂವಿನಲ್ಲಿ ಮಿಗ್ದಾಲ್, ಆದರೆ ಊರಿನ ಹೆಸರು ಮಗ್ದಲ ಎಂದೇ ಉಳಿಯಿತು. ಕನ್ನಡ ಬೈಬಲ್ಲಿನ ಸಂಸೋನ ಹೀಬ್ರೂವಿನಲ್ಲಿ ಶಿಮ್‌ಶೋನ್.

ಕನ್ನಡ ಬೈಬಲ್ ಓದುವವರಿಗೆ ಒಂದು ಗೊಂದಲ ಇದ್ದೇ ಇರುತ್ತದೆ. ವಿಮೋಚನಕಾಂಡದಲ್ಲಿ, ಇಸ್ರಾಯೇಲರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿ ತಂದ ಮೋಶೆಯ ಅಕ್ಕ ‘ಮಿರ್ಯಾಮ್’, ಲೂಕನ ಸುವಾರ್ತೆಯಲ್ಲಿ ಯೇಸುವಿನ ತಾಯಿ ‘ಮರಿಯಳು’. ಇವು ಬೇರೆ ಬೇರೆ ಹೆಸರಲ್ಲ, ಒಂದೇ ಹೆಸರು ಎರಡು ಬಾಗಿಲಿನಿಂದ ಒಳಗೆ ಬಂದಿದೆ: ಹಳೆಯ ಒಡಂಬಡಿಕೆಯದು ಹೀಬ್ರೂವಿನಿಂದ, ಹೊಸ ಒಡಂಬಡಿಕೆಯದು ಗ್ರೀಕಿನಿಂದ. ಗ್ರೀಕಿನಲ್ಲಿ ಹೆಣ್ಣಿನ ಹೆಸರು ‘ಮ್’ನಲ್ಲಿ ಮುಗಿದರೆ ವಿಭಕ್ತಿ ಹಚ್ಚುವುದು ಕಷ್ಟ, ಹಾಗಾಗಿ ಕೊನೆಯ ‘ಮ್’ ಉದುರಿ ‘ಮರಿಯಾ’ ಆಯಿತು. ನಮ್ಮ ಅನುವಾದಕರು ಅದಕ್ಕೆ ಕನ್ನಡದ ‘ಳು’ ಸೇರಿಸಿದರು. ಭಕ್ತರು ಗೌರವಕ್ಕೆ ‘ಅಮ್ಮ’ ಸೇರಿಸಿ ಮರಿಯಮ್ಮನವರು ಎಂದರು.

ಅಲ್ಲಿಗೆ ಲೆಕ್ಕ ತಿರುಗುಮುರುಗಾಯಿತು. ಅಜ್ಜಿಯ ‘ಮರಿಯಮ್ಮ’ ಹಳೆಯ ಹಳ್ಳಿ ರೂಪ, ‘ಮಿರಿಯಂ’ ಶುದ್ಧ ಮೂಲರೂಪ ಎಂದು ಯಾರಿಗಾದರೂ ಅನ್ನಿಸುತ್ತದೆ. ಉಚ್ಚಾರದ ಮಟ್ಟಿಗೆ ಅಜ್ಜಿಯ ‘ಮರಿ’ಯೇ ಹಿರಿಯದು. ಇನ್ನೊಂದು ಮಾತು ಕೇಳಿ. ಯೆಹೂದಿ ಇತಿಹಾಸಕಾರ ಜೋಸೆಫಸ್ ಕ್ರಿ.ಶ. 1ನೇ ಶತಮಾನದಲ್ಲಿ ಗ್ರೀಕಿನಲ್ಲಿ ಬರೆಯುವಾಗ ಹೆರೋದ ರಾಜನ ಹೆಂಡತಿಯನ್ನು ‘ಮರಿಯಮ್ಮೇ’ ಎಂದು ಕರೆಯುತ್ತಾನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವ ‘ಮರಿಯಮ್ನೆ’ ಎಂಬ ‘ನ’ಕಾರದ ರೂಪ ನಂತರದ ಪ್ರತಿಕಾರರಿಂದ ಬಂದದ್ದು. ಗ್ರೀಕಿನ ಆ ಕೊನೆಯ ‘ಮ್ಮೇ’ಗೂ ನಮ್ಮ ‘ಅಮ್ಮ’ನಿಗೂ ಯಾವ ನಂಟೂ ಇಲ್ಲ, ಬರೀ ಕಾಕತಾಳೀಯ. ಆದರೂ ಎರಡು ಸಾವಿರ ವರ್ಷದ ಹಿಂದೆ ಜೆರುಸಲೇಮಿನ ಅರಮನೆಯಲ್ಲಿ ನಿಂತು ಯಾರಾದರೂ ‘ಮರಿಯಮ್ಮಾ’ ಎಂದು ಕೂಗಿದ್ದರೆ ರಾಣಿ ತಿರುಗಿ ನೋಡುತ್ತಿದ್ದಳು ಎಂದು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಈಗ ಅರ್ಥದ ವಿಷಯ. ಹೀಬ್ರೂ ಹೆಸರುಗಳಲ್ಲಿ ಹಲವು ಗಾಜಿನಷ್ಟು ಪಾರದರ್ಶಕ. ಯೋಹಾನ ಎಂದರೆ ದೇವರು ಕೃಪೆ ತೋರಿದ್ದಾನೆ, ದಾನಿಯೇಲ ಎಂದರೆ ದೇವರು ನನ್ನ ನ್ಯಾಯಾಧಿಪತಿ, ರಾಹೇಲ ಎಂದರೆ ಕುರಿ. ಹೀಬ್ರೂ ಬಲ್ಲ ಮಗುವೂ ಬಿಡಿಸಿ ಹೇಳುತ್ತದೆ. ಮಿರ್ಯಾಮ್ ಹಾಗಲ್ಲ. ಬೈಬಲ್ಲೇ ಹಲವು ಹೆಸರುಗಳಿಗೆ ‘ಇಂಥ ಕಾರಣಕ್ಕೆ ಹೀಗೆ ಹೆಸರಿಟ್ಟರು’ ಎಂದು ಹೇಳಿಕೊಂಡು ಹೋಗುತ್ತದೆ. ಇವಳ ವಿಷಯದಲ್ಲಿ ಆ ಮಾತೇ ಇಲ್ಲ. ಖಾಲಿ ಜಾಗ ಸಿಕ್ಕಿದರೆ ಕೇಳಬೇಕೇ? ಬಂದವರೆಲ್ಲ ಒಂದೊಂದು ಅರ್ಥ ತಂದು ಇಟ್ಟರು. ಜರ್ಮನ್ ವಿದ್ವಾಂಸ ಬಾರ್ಡನ್‌ಹೆವರ್ 1895ರಲ್ಲಿ ಈ ಒಂದೇ ಹೆಸರಿನ ಮೇಲೆ ಒಂದು ಪೂರ್ತಿ ಪುಸ್ತಕ ಬರೆದ. ಅವನ ಒಲವಿದ್ದದ್ದು ‘ಮೈಕೈ ತುಂಬಿಕೊಂಡ ಚೆಲುವೆ’ ಎಂಬ ಅರ್ಥದ ಕಡೆ. ದಪ್ಪಗಾಗು, ಪುಷ್ಟಿಯಾಗು ಎಂಬ ಒಂದು ಧಾತುವಿನಿಂದ ಅದನ್ನು ಎಳೆದು ತಂದ. ಎರಡು ತಿಂಗಳ ಕೂಸಿಗೆ ಒಪ್ಪುವ ಅರ್ಥವೇ, ಆದರೆ ಇವತ್ತು ಅದನ್ನು ಹಿಡಿದುಕೊಂಡವರು ಕಡಿಮೆ.

ಕಹಿಯ ಕತೆ ಹೀಗೆ. ಹೀಬ್ರೂವಿನಲ್ಲಿ ‘ಮರ್’ ಎಂದರೆ ಕಹಿ. ಬೈಬಲ್ಲಿನ ರೂತಳ ಕತೆಯಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಊರಿಗೆ ಮರಳಿದ ನೊವೊಮಿ, ನನ್ನನ್ನು ನೊವೊಮಿ ಎನ್ನಬೇಡಿ, ಮಾರಾ ಎನ್ನಿ ಎಂದು ಊರ ಹೆಂಗಸರಿಗೆ ಹೇಳುತ್ತಾಳೆ. ನೊವೊಮಿ ಎಂದರೆ ಹಿತವಾದವಳು, ಮಾರಾ ಎಂದರೆ ಕಹಿಯಾದವಳು. ಪಸ್ಕ ಹಬ್ಬದ ರಾತ್ರಿ ಯೆಹೂದಿಗಳು ಈಜಿಪ್ಟಿನ ಗುಲಾಮಗಿರಿ ನೆನೆದು ತಿನ್ನುವ ಕಹಿ ಸೊಪ್ಪಿಗೆ ‘ಮಾರೋರ್’ ಎನ್ನುತ್ತಾರೆ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲೇ ಈಜಿಪ್ಟಿನವರು ಇಸ್ರಾಯೇಲರ ಬಾಳನ್ನು ‘ಕಹಿ ಮಾಡಿದರು’ ಎಂಬ ಮಾತಿದೆ. ಅಲ್ಲೂ ಇದೇ ಧಾತು. ಹಳೆಯ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಅದನ್ನೇ ಹಿಡಿದು, ಬಾಳು ಕಹಿಯಾದ ಕಾಲದಲ್ಲಿ ಹುಟ್ಟಿದ್ದರಿಂದ ಈ ಹುಡುಗಿಗೆ ಮಿರ್ಯಾಮ್ ಎಂದರು ಎಂದು ವ್ಯಾಖ್ಯಾನ ಮಾಡಿದರು. ಇನ್ನೊಂದು ಸೇರಿಕೆ ಇನ್ನೂ ಸೊಗಸು. ವಿಮೋಚನಕಾಂಡ 15ನೇ ಅಧ್ಯಾಯದ 20 ಮತ್ತು 21ನೇ ವಚನದಲ್ಲಿ ಮಿರ್ಯಾಮಳು ಸಮುದ್ರ ದಾಟಿದ ಸಂತೋಷಕ್ಕೆ ದಮ್ಮಡಿ ಬಡಿದು ಹಾಡುತ್ತಾಳೆ, ಹೆಂಗಸರೆಲ್ಲ ಕುಣಿಯುತ್ತ ಅವಳ ಹಿಂದೆ ಬರುತ್ತಾರೆ. ಎರಡೇ ವಚನ ದಾಟಿ 23ಕ್ಕೆ ಬಂದರೆ ಅದೇ ಜನ ಬಾಯಾರಿ ಒಂದು ನೀರಿನ ತಾವಿಗೆ ಬರುತ್ತಾರೆ. ನೀರು ಕಹಿ, ಸ್ಥಳದ ಹೆಸರು ‘ಮಾರಾ’. ಕೇಳುವ ಕಿವಿಗೆ ಮಿರ್ಯಾಮ್, ಮಾರಾ ಎರಡೂ ತಾಕಿ ನಂಟು ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕಿವಿಗೆ ತಾಕಿದ್ದೆಲ್ಲ ಧಾತುವಾಗುವುದಿಲ್ಲ. ‘ಮರ್’ ಎಂಬುದರಲ್ಲಿ ರೇಫ ಇಮ್ಮಡಿ: ಧಾತು ಮ್-ರ್-ರ್. ನಮ್ಮ ಹೆಸರಿನ ನಡುವೆ ಇರುವುದು ‘ಯ್’. ಆ ‘ಯ್’ ಎಲ್ಲಿಂದ ಬಂತು, ಕೊನೆಯ ‘ಮ್’ ಏನು ಮಾಡುತ್ತಿದೆ ಎಂಬ ಎರಡು ಪ್ರಶ್ನೆಗೂ ಕಹಿಯ ಪಕ್ಷದವರು ಸಮಾಧಾನದ ಉತ್ತರ ಕೊಡುವುದಿಲ್ಲ. ಕೆಲವರು ‘ಯಾಮ್’ ಎಂದರೆ ಸಮುದ್ರ, ಹಾಗಾಗಿ ‘ಕಹಿ ಸಮುದ್ರ’ ಎನ್ನುತ್ತಾರೆ. ಯಾವ ತಾಯಿ ತೊಟ್ಟಿಲಲ್ಲಿರುವ ಮಗುವನ್ನು ಕಹಿ ಸಮುದ್ರವೇ ಎಂದು ಕರೆಯುತ್ತಾಳೆ? ಇದು ಪಾಂಡಿತ್ಯದ ವಾದವಲ್ಲ, ಗೊತ್ತು. ಆದರೂ ಹೆಸರಿನ ವಿಷಯದಲ್ಲಿ ತಾಯಂದಿರನ್ನು ಬಿಟ್ಟು ಯೋಚಿಸಿದರೆ ದಾರಿ ತಪ್ಪುತ್ತದೆ.

‘ದಂಗೆ’ಯ ಪಕ್ಷ ಅಕ್ಷರದ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿ. ‘ಮೆರಿ’ ಎಂದರೆ ಎದುರುಬೀಳುವುದು, ‘ಮಿರ್ಯಾಮ್’ ಎಂದರೆ ವ್ಯಾಕರಣದ ಪ್ರಕಾರ ‘ಅವರ ದಂಗೆ’. ಈ ರೂಪ ಬೈಬಲ್ಲಿನಲ್ಲಿ ನಿಜವಾಗಿಯೂ ಒಂದು ಕಡೆ ಬರುತ್ತದೆ, ನೆಹೆಮೀಯ 9:17ರಲ್ಲಿ. ಪೂರ್ವಜರು ತಮ್ಮ ದಂಗೆಯಲ್ಲಿ ಗುಲಾಮಗಿರಿಗೆ ಹಿಂತಿರುಗಲು ಹೊರಟರು ಎನ್ನುವಾಗ ಹೀಬ್ರೂವಿನಲ್ಲಿ ಇರುವುದು ‘ಬೆ-ಮಿರ್ಯಾಮ್’. ತಮಾಷೆಯೆಂದರೆ ಗ್ರೀಕ್ ಅನುವಾದದಲ್ಲಿ ಅದೇ ಜಾಗದಲ್ಲಿ ‘ಈಜಿಪ್ಟಿನಲ್ಲಿ’ ಎಂದಿದೆ. ಈಜಿಪ್ಟಿಗೆ ಹೀಬ್ರೂವಿನಲ್ಲಿ ‘ಮಿಸ್ರಾಯಿಮ್’. ನಡುವಿನ ಒಂದಕ್ಷರ ಬಿದ್ದುಹೋದರೆ ಈಜಿಪ್ಟು ದಂಗೆಯಾಗುತ್ತದೆ. ಅರಣ್ಯಕಾಂಡದ 12ನೇ ಅಧ್ಯಾಯದಲ್ಲಿ ಮಿರ್ಯಾಮಳು ತಮ್ಮ ಮೋಶೆಯ ವಿರುದ್ಧ ಮಾತಾಡಿ, ಮೈಯೆಲ್ಲ ತೊನ್ನಾಗಿ, ಏಳು ದಿನ ಪಾಳೆಯದ ಹೊರಗಿರಬೇಕಾದ ಕತೆ ಇರುವುದರಿಂದ ದಂಗೆಯ ಅರ್ಥ ಜನರ ಮನಸ್ಸಿಗೆ ಒಪ್ಪಿತು. ಆದರೆ ಹುಟ್ಟಿದಾಗಲೇ ಹೆತ್ತವರಿಗೆ ಆ ಕತೆ ಗೊತ್ತಿರಲು ಸಾಧ್ಯವಿಲ್ಲವಲ್ಲ. ಆ ಅಧ್ಯಾಯದಲ್ಲಿ ನನಗೆ ಹೆಚ್ಚು ಹಿಡಿಸುವುದು ಕೊನೆಯ ಕಡೆ ಬರುವ ಒಂದು ಸಾಲು: ಅವಳು ಮರಳಿ ಬರುವವರೆಗೆ ಜನ ಮುಂದಕ್ಕೆ ಹೊರಡಲಿಲ್ಲ.

ನಕ್ಷತ್ರದ ವಿಷಯಕ್ಕೆ ಬರುತ್ತೇನೆ. ಕ್ರಿ.ಶ. 390ರ ಆಸುಪಾಸಿನಲ್ಲಿ ಬೆತ್ಲೆಹೇಮಿನಲ್ಲಿ ಕುಳಿತು ಬೈಬಲ್ಲಿನ ಹೆಸರುಗಳಿಗೆಲ್ಲ ಲ್ಯಾಟಿನ್ನಿನಲ್ಲಿ ಅರ್ಥ ಬರೆದವರು ಸಂತ ಜೆರೋಮ್. ಈ ಹೆಸರಿಗೆ ಅವರು ಒಂದಲ್ಲ, ಹಲವು ಅರ್ಥ ಕೊಟ್ಟಿದ್ದಾರೆ. ಅದರಲ್ಲೊಂದು ‘ಸಮುದ್ರದ ಹನಿ’ ಆಗಿದ್ದಿರಬೇಕು. ಹೀಬ್ರೂವಿನಲ್ಲಿ ‘ಮರ್’ ಎಂಬ ಇನ್ನೊಂದು ಪದಕ್ಕೆ ಹನಿ, ತೊಟ್ಟು ಎಂಬ ಅರ್ಥವಿದೆ. ಜನಾಂಗಗಳು ದೇವರಿಗೆ ಕೊಡದಿಂದ ತೊಟ್ಟಿಕ್ಕುವ ಹನಿಯಂತೆ ಎಂದು ಯೆಶಾಯನ 40ನೇ ಅಧ್ಯಾಯದಲ್ಲಿ ಬರುತ್ತದೆ. ‘ಯಾಮ್’ ಸಮುದ್ರ. ಲ್ಯಾಟಿನ್ನಿನಲ್ಲಿ ಹನಿಗೆ ‘ಸ್ತಿಲ್ಲಾ’, ನಕ್ಷತ್ರಕ್ಕೆ ‘ಸ್ತೆಲ್ಲಾ’. ‘ಇ’ ಮತ್ತು ‘ಎ’ ಒಂದಕ್ಕೊಂದು ಬೆರೆತುಹೋಗುತ್ತಿದ್ದ ಕಾಲದ ಲ್ಯಾಟಿನ್ ಅದು. ನಮ್ಮಲ್ಲೂ ಬಾಯಲ್ಲಿ ‘ಕೆವಿ’ ಬಂದರೆ ಕೈ ‘ಕಿವಿ’ ಬರೆಯುವುದಿಲ್ಲವೇ, ಹಾಗೆ. ಸ್ತಿಲ್ಲಾ ಮಾರಿಸ್ ಎಂಬುದು ಸ್ತೆಲ್ಲಾ ಮಾರಿಸ್ ಆಯಿತು, ಹನಿ ನಕ್ಷತ್ರವಾಯಿತು. ಈಗ ಸಿಗುವ ಹಸ್ತಪ್ರತಿಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ನಕ್ಷತ್ರವೇ. ಆದರೆ ಹೀಬ್ರೂವಿನಲ್ಲಿ ನಕ್ಷತ್ರಕ್ಕೆ ‘ಕೋಖಾವ್’. ಮಿರ್ಯಾಮ್ ಎಂಬುದರ ಯಾವ ಮೂಲೆ ತಡಕಿದರೂ ನಕ್ಷತ್ರ ಸಿಗುವುದಿಲ್ಲ.

ಈ ತಪ್ಪಿನ ಭಾಗ್ಯ ನೋಡಿ. ದಿಕ್ಸೂಚಿಯಿಲ್ಲದ ಕಾಲದ ನಾವಿಕರಿಗೆ ಸಮುದ್ರದ ನಕ್ಷತ್ರ ಎಂದರೆ ದಾರಿ ತೋರುವ ಧ್ರುವತಾರೆ. ಮರಿಯಮಾತೆ ಅವರ ಕಾಪಿನ ದೇವಿಯಾದಳು. ಕೊಲಂಬಸ್ 1492ರಲ್ಲಿ ಹತ್ತಿದ ಹಡಗಿನ ಹೆಸರು ಸಾಂತಾ ಮರಿಯಾ. ವಾಸ್ಕೋ ಡ ಗಾಮ 1498ರಲ್ಲಿ ನಮ್ಮ ಮಲ್ಪೆಯ ಎದುರಿನ ದ್ವೀಪಕ್ಕೂ ಅದೇ ಹೆಸರಿಟ್ಟನೆಂದು ಹೇಳುತ್ತಾರೆ. ನಾವು ದೋಣಿಯಲ್ಲಿ ಕೂತು ಕಲ್ಲುಕಂಬಗಳನ್ನು ನೋಡಲು ಹೋಗುವ ಸೇಂಟ್ ಮೇರೀಸ್ ದ್ವೀಪ ಅದು. ತಪ್ಪು ಓದಿನ ಮೇಲೆ ಇಷ್ಟು ಹಡಗು ತೇಲಿದ್ದು ಇನ್ನೆಲ್ಲೂ ಇರಲಾರದು.

ನಾನು ಒಪ್ಪುವ ಅರ್ಥಕ್ಕೆ ಮೊದಲ ಸಾಕ್ಷಿ ಮಿರ್ಯಾಮಳ ಮನೆಯವರೇ. ಅವಳು ಹುಟ್ಟಿದ್ದು ಈಜಿಪ್ಟಿನಲ್ಲಿ ಎಂದು ಬೈಬಲ್ ಹೇಳುತ್ತದೆ. ತಮ್ಮ ಮೋಶೆಯ ಹೆಸರಿಗೆ ಬೈಬಲ್ ಹೀಬ್ರೂ ವಿವರಣೆ ಕೊಟ್ಟರೂ, ಅದು ಈಜಿಪ್ಟಿನ ‘ಮೋಸೆ’ ಎಂಬುದೇ ಎಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಹುಟ್ಟಿದವನು, ಮಗ ಎಂದು ಅದರ ಅರ್ಥ. ಥುತ್ಮೋಸೆ ಎಂದರೆ ಥೋತ್ ದೇವರ ಮಗ. ಅವಳ ಇನ್ನೊಬ್ಬ ತಮ್ಮ ಆರೋನನ ಮೊಮ್ಮಗ ಫೀನೆಹಾಸ ಎಂಬುದೂ ಈಜಿಪ್ಟಿನ ಹೆಸರು, ಅದಕ್ಕೆ ‘ನೂಬಿಯದವನು, ಕರಿಯ’ ಎಂಬರ್ಥ. ಈ ಮನೆಯವರು ಸೇರಿದ ಲೇವಿಯ ಕುಲದಲ್ಲಿ ಈಜಿಪ್ಟಿನ ಹೆಸರುಗಳ ಗೊಂಚಲೇ ಇದೆ. ಹೀಗಿರುವಾಗ ಅಕ್ಕನ ಹೆಸರನ್ನು ಮಾತ್ರ ಹೀಬ್ರೂ ನಿಘಂಟಿನಲ್ಲಿ ಹುಡುಕುವುದೇಕೆ? ಈಜಿಪ್ಟಿನ ಭಾಷೆಯಲ್ಲಿ ‘ಮ್-ರ್-ಯ್’ ಎಂದರೆ ಪ್ರೀತಿಗೆ ಪಾತ್ರವಾದದ್ದು. ಫರೋಹ ಎರಡನೆಯ ರಾಮ್ಸೆಸನ ಬಿರುದು ‘ಮೆರಿಯಾಮುನ್’, ಆಮುನ್ ದೇವರ ಪ್ರೀತಿಯವನು. ಅವನ ಮಗ ಮೆರ್ನೆಪ್ತಾ, ಪ್ತಾ ದೇವರ ಪ್ರೀತಿಯವನು. ಬೈಬಲ್ಲಿನ ಹೊರಗೆ ‘ಇಸ್ರಾಯೇಲ್’ ಎಂಬ ಹೆಸರು ಮೊಟ್ಟಮೊದಲು ಕಾಣುವುದು ಈ ಮೆರ್ನೆಪ್ತಾ ಸುಮಾರು ಕ್ರಿ.ಪೂ. 1208ರಲ್ಲಿ ನಿಲ್ಲಿಸಿದ ಶಾಸನದಲ್ಲೇ. ಅಂದರೆ ಇಸ್ರಾಯೇಲರ ಹೆಸರು ಮೊದಲು ಕೆತ್ತಿದ ಕಲ್ಲಿನ ಮೇಲೆ ರಾಜನ ಹೆಸರಿನೊಳಗೆ ಈ ‘ಮೆರ್’ ಕೂತಿದೆ.

ಇದಕ್ಕೂ ಆಕ್ಷೇಪ ಇಲ್ಲದಿಲ್ಲ. ಈಜಿಪ್ಟಿನಲ್ಲಿ ಹೆಣ್ಣಿಗೆ ಹೇಳುವಾಗ ‘ತ್’ ಸೇರಬೇಕು. ರಾಮ್ಸೆಸನ ಮಗಳು ಮೆರಿತಾಮುನ್. ಮಿರ್ಯಾಮಳಲ್ಲಿ ಆ ‘ತ್’ ಇಲ್ಲ. ಈ ಕಾರಣಕ್ಕೆ ಕೆಲವರು ಈಜಿಪ್ಟನ್ನು ಬಿಟ್ಟು ಉತ್ತರಕ್ಕೆ ಹೋಗುತ್ತಾರೆ. ಸಿರಿಯದ ಕರಾವಳಿಯ ಉಗಾರಿತ್‌ನಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ ಇದೇ ನಾಲ್ಕು ವ್ಯಂಜನಗಳ ‘ಮ್-ರ್-ಯ್-ಮ್’ ಎಂಬ ಪದವಿದೆ, ಬೆಟ್ಟದ ಎತ್ತರ ಎಂಬರ್ಥದಲ್ಲಿ. ಹಾಗಾದರೆ ಮಿರ್ಯಾಮ್ ಎಂದರೆ ‘ಎತ್ತರದವಳು, ಉನ್ನತೆ’. ಇದು ಗಟ್ಟಿ ವಾದವೇ. ನಾನು ಮಾತ್ರ ಮನೆಮಂದಿಯ ಹೆಸರುಗಳನ್ನು ನೋಡಿ ಈಜಿಪ್ಟಿನ ಕಡೆಗೇ ವಾಲುತ್ತೇನೆ. ಒಂದು ಭಾಷೆಯ ಹೆಸರು ಇನ್ನೊಂದು ಭಾಷೆಯವರ ಬಾಯಿಗೆ ಬಂದಾಗ ಪ್ರತ್ಯಯ ಉದುರುವುದು ದೊಡ್ಡ ಸಂಗತಿಯಲ್ಲ. ಅತ್ತೆಯವರಿಗೆ ಹೇಳಿ: ಪಂಡಿತರು ಕಿತ್ತಾಡುತ್ತಿರುವುದು ‘ಪ್ರೀತಿಯ ಮಗಳೋ, ಉನ್ನತೆಯೋ’ ಎಂದು. ಯಾರು ಗೆದ್ದರೂ ನಿಮಗೆ ನಷ್ಟವಿಲ್ಲ.

ಹಳೆಯ ಒಡಂಬಡಿಕೆಯಲ್ಲಿ ಈ ಹೆಸರಿನವರು ವಿರಳ. ಮೋಶೆಯ ಅಕ್ಕನನ್ನು ಬಿಟ್ಟರೆ ಪೂರ್ವಕಾಲ ವೃತ್ತಾಂತದ ವಂಶಾವಳಿಯಲ್ಲಿ ಇನ್ನೊಂದು ಸಲ ಬಂದುಹೋಗುತ್ತದೆ, ಅಷ್ಟೇ. ಯೇಸುವಿನ ಕಾಲಕ್ಕೆ ಬಂದರೆ ಚಿತ್ರವೇ ಬೇರೆ. ಪ್ಯಾಲೆಸ್ತೀನಿನ ಮೂಳೆಪೆಟ್ಟಿಗೆಗಳು, ಶಾಸನಗಳು, ಗ್ರಂಥಗಳಲ್ಲಿ ಸಿಗುವ ಆ ಕಾಲದ ಯೆಹೂದಿ ಹೆಣ್ಣುಹೆಸರುಗಳನ್ನು ಒಟ್ಟುಗೂಡಿಸಿದವರು ಇಸ್ರೇಲಿನ ಇತಿಹಾಸಕಾರ್ತಿ ತಾಲ್ ಇಲಾನ್. ಆ ಪಟ್ಟಿಯ ನೆತ್ತಿಯಲ್ಲಿ ಮಿರ್ಯಾಮ್, ಸಲೋಮೆ ಎಂಬ ಎರಡು ಹೆಸರುಗಳಿವೆ. ಸುಮಾರಾಗಿ ಐವರಲ್ಲಿ ಒಬ್ಬಳು ಮಿರ್ಯಾಮ್. ಇವೆರಡೂ ಹಸ್ಮೋನಿಯ ರಾಜಮನೆತನದ ಹೆಣ್ಣುಮಕ್ಕಳ ಹೆಸರುಗಳು, ಯೆಹೂದಿಗಳು ಪರಕೀಯರನ್ನು ಓಡಿಸಿ ಸ್ವಂತ ರಾಜ್ಯ ಕಟ್ಟಿದ ಮನೆತನ ಅದು. ಹೆರೋದ ಮದುವೆಯಾಗಿ, ಅನುಮಾನಪಟ್ಟು, ಕ್ರಿ.ಪೂ. 29ರಲ್ಲಿ ಕೊಲ್ಲಿಸಿದ ಮರಿಯಮ್ಮೇ ಆ ಮನೆಯ ಮಗಳು. ಅಭಿಮಾನಕ್ಕೆ ಜನ ತಮ್ಮ ಹೆಣ್ಣುಮಕ್ಕಳಿಗೆ ಆ ಹೆಸರಿಟ್ಟಿರಬೇಕು.

ಹೊಸ ಒಡಂಬಡಿಕೆಯಲ್ಲಿ ಮರಿಯಳುಗಳ ಜಾತ್ರೆಯೇ ನೆರೆದಿರುವುದು ಇದಕ್ಕೇ. ಯೇಸುವಿನ ತಾಯಿ ಮರಿಯಳು, ಬೇಥಾನ್ಯದ ಮರಿಯಳು, ಕ್ಲೋಪನ ಮರಿಯಳು, ಯಾಕೋಬನ ತಾಯಿ ಮರಿಯಳು, ಮಾರ್ಕನ ತಾಯಿ ಮರಿಯಳು. ನಮ್ಮ ಊರುಗಳಲ್ಲಿ ನಾಲ್ಕು ಜನ ಲಕ್ಷ್ಮಮ್ಮ ಇದ್ದರೆ ಬಾವಿಮನೆ ಲಕ್ಷ್ಮಮ್ಮ, ಮೇಷ್ಟ್ರ ಲಕ್ಷ್ಮಮ್ಮ ಎಂದು ಗುರುತು ಹಚ್ಚುವಂತೆ. ‘ಮಗ್ದಲೀನ್’ ಎಂಬ ಸೊಗಸಾದ ಹೆಸರು ಹುಟ್ಟಿದ್ದು ಹೀಗೆಯೇ, ಬರೀ ಊರಿನ ಗುರುತು: ಮಗ್ದಲ ಎಂಬ ಮೀನುಗಾರರ ಊರಿನವಳು.

ಅರಬ್ಬಿಯಲ್ಲಿ ಈ ಹೆಸರು ‘ಮರ್ಯಮ್’ ಆಗಿ, ಹಳೆಯ ‘ಅ’ಕಾರವನ್ನು ಇವತ್ತಿಗೂ ಕಾಪಾಡಿಕೊಂಡಿದೆ. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ಹೆಣ್ಣು ಈಕೆಯೊಬ್ಬಳೇ. 19ನೇ ಅಧ್ಯಾಯಕ್ಕೆ ಅವಳದೇ ಹೆಸರು. ಅಲ್ಲಿ ಈಸಾರ, ಅಂದರೆ ಯೇಸುವಿನ, ತಾಯಿಯನ್ನು ಜನ ‘ಹಾರೂನನ ಸಹೋದರಿಯೇ’ ಎಂದು ಕರೆಯುತ್ತಾರೆ. ಹಾರೂನ್ ಎಂದರೆ ಆರೋನ. ಅವನ ಅಕ್ಕ ಮಿರ್ಯಾಮಳಿಗೂ ಯೇಸುವಿನ ತಾಯಿಗೂ ನೂರಾರು ವರ್ಷಗಳ ಅಂತರವಿದೆಯಲ್ಲ ಎಂದು ಅರೇಬಿಯದ ನಜ್ರಾನಿನ ಕ್ರೈಸ್ತರು ಆಗಲೇ ಕೇಳಿದ್ದರು. ಅದಕ್ಕೆ ಪ್ರವಾದಿ ಮುಹಮ್ಮದರು ಕೊಟ್ಟ ಉತ್ತರ ಅವರ ನಡೆನುಡಿಗಳ ಸಂಗ್ರಹವಾದ ಹದೀಸಿನಲ್ಲಿದೆ: ಆ ಜನ ತಮ್ಮ ಹಿಂದಿನ ಪ್ರವಾದಿಗಳ, ಸಜ್ಜನರ ಹೆಸರನ್ನೇ ಮಕ್ಕಳಿಗೆ ಇಡುತ್ತಿದ್ದರು. ನೀವು ಈಗ ಅಜ್ಜಿಯ ಹೆಸರನ್ನು ಮಗಳಿಗೆ ದಾಟಿಸುತ್ತಿರುವ ಹಾಗೆ.

ಪಕ್ಕದ ಮನೆಯವರ ಮಾರಿಯಮ್ಮನ ಮಾತಿಗೆ ನನ್ನ ಉತ್ತರ: ಇಲ್ಲ, ಸಂಬಂಧವಿಲ್ಲ. ಕನ್ನಡದಲ್ಲಿ ಹ್ರಸ್ವ ದೀರ್ಘಕ್ಕೆ ಅರ್ಥವೇ ಬದಲಾಗುತ್ತದೆ, ಮರಿ ಬೇರೆ ಮಾರಿ ಬೇರೆ. ಮಾರಿ ಎಂದರೆ ಸಿಡುಬು, ಪ್ಲೇಗು ತರುವವಳೂ ಅದರಿಂದ ಕಾಯುವವಳೂ ಆದ ಊರದೇವತೆ. ಹೆಮ್ಮಾರಿ, ಮಹಾಮಾರಿ ಎಂಬ ಮಾತುಗಳಲ್ಲಿ ಅವಳ ರೋಗರೂಪ ಉಳಿದಿದೆ, ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಅವಳ ತಾಯಿರೂಪ. ಈ ಪದವನ್ನು ಸಂಸ್ಕೃತದ ಸಾವು ಎಂಬರ್ಥದ ಧಾತುವಿಗೆ ಕೆಲವರು ಜೋಡಿಸುತ್ತಾರೆ. ತಮಿಳಿನಲ್ಲಿ ‘ಮಾರಿ’ ಎಂದರೆ ಮಳೆ, ಹಾಗಾಗಿ ಮಳೆಯ ತಾಯಿ ಎಂದು ಇನ್ನು ಕೆಲವರು. ಎರಡೂ ದಾರಿ ನಮ್ಮ ನೆಲದೊಳಗೇ ಮುಗಿಯುತ್ತವೆ, ಜೆರುಸಲೇಮಿಗೆ ಹೋಗುವುದಿಲ್ಲ. ರಾಜಸ್ಥಾನದ ಮೀರಾಬಾಯಿಯನ್ನೂ ಇದಕ್ಕೆ ತಂದು ಕಟ್ಟುವವರಿದ್ದಾರೆ, ಅದೂ ಸಲ್ಲದು.

ಆದರೆ ಭಾಷಾಶಾಸ್ತ್ರ ಒಪ್ಪದ್ದನ್ನು ಭಕ್ತಿ ಒಪ್ಪಿಕೊಳ್ಳುತ್ತದೆ. ಸೆಪ್ಟೆಂಬರ್ 8ಕ್ಕೆ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ತೇರು ನೋಡಿದ್ದೀರಾದರೆ ಗೊತ್ತಿರುತ್ತದೆ. ಕಾವಿ ಸೀರೆ ಉಟ್ಟು ಹರಕೆ ಹೊತ್ತು ಬರುವವರಲ್ಲಿ ಯಾರು ಕ್ರೈಸ್ತರು, ಯಾರು ಅಲ್ಲ ಎಂದು ಯಾರೂ ವಿಚಾರಿಸುವುದಿಲ್ಲ. ಅದೇ ದಿನ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಿಗೆ ಮೋಂತಿ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಮನೆಯಂಗಳದ ಹೂ ಕೊಯ್ದು ತಟ್ಟೆಯಲ್ಲಿಟ್ಟುಕೊಂಡು ಇಗರ್ಜಿಗೆ ಹೋಗಿ, ಸಾಲಾಗಿ ನಿಂತು ಬಾಲೆ ಮರಿಯಳ ಮೂರ್ತಿಗೆ ಎರಚುತ್ತಾರೆ. ಕೊನೆಯ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ. ಮನೆಗೆ ತಂದ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಮೀನಿಲ್ಲದೆ ಊಟವಿಲ್ಲ ಎನ್ನುವ ಮನೆಗಳಲ್ಲೂ ಅವತ್ತು ಬಾಳೆಲೆಯ ಮೇಲೆ ಬರೀ ತರಕಾರಿ. ‘ಮೋಂತಿ’ ಎಂಬ ಹೆಸರು ಬಂದದ್ದು ಫರಂಗಿಪೇಟೆಯ ‘ಮೊಂತೆ ಮರಿಯಾನೊ’ ಇಗರ್ಜಿಯಿಂದ, ‘ಮರಿಯಳ ಗುಡ್ಡ’ ಎಂಬರ್ಥ. ಹಬ್ಬದ ಹೆಸರಿನಲ್ಲಿ ಗುಡ್ಡ ಉಳಿದು ಮರಿಯಳೇ ಬಿಟ್ಟುಹೋದಳು.

ಯುರೋಪಿನಲ್ಲೂ ಅವಳ ಹೆಸರು ಹೀಗೆ ಮರೆಗೆ ಸರಿದದ್ದುಂಟು, ಅಲ್ಲಿ ಕಾರಣ ಮರ್ಯಾದೆ. ಐರ್ಲೆಂಡಿನವರು ಯೇಸುವಿನ ತಾಯಿಗೆ ಮಾತ್ರ ‘ಮುಯಿರ’ ಎಂಬ ರೂಪ ಮೀಸಲಿಟ್ಟು, ಮನೆಯ ಹೆಣ್ಣುಮಕ್ಕಳಿಗೆ ‘ಮೋಯ್ರ’ ಎಂದು ಸ್ವರ ಬದಲಿಸಿ ಇಟ್ಟರು. ಸ್ಪೇನಿನವರು ನೇರ ಹೆಸರಿನ ಬದಲು ಅವಳ ಬಿರುದುಗಳನ್ನು ಹಿಡಿದರು: ದುಃಖಗಳ ಮಾತೆ ಎಂಬುದರಿಂದ ಡೊಲೊರೆಸ್, ಕಾರ್ಮೆಲ್ ಬೆಟ್ಟದ ಮಾತೆ ಎಂಬುದರಿಂದ ಕಾರ್ಮೆನ್, ಕರುಣೆಯ ಮಾತೆ ಎಂಬುದರಿಂದ ಮರ್ಸಿಡಿಸ್. ಆಸ್ಟ್ರಿಯಾದ ವ್ಯಾಪಾರಿ ಎಮಿಲ್ ಯೆಲ್ಲಿನೆಕ್ ತನ್ನ ಮಗಳು ಮರ್ಸಿಡಿಸಳ ಹೆಸರನ್ನು ಡೈಮ್ಲರ್ ಕಂಪನಿಯ ಕಾರಿಗೆ ಇಡಿಸಿದ. ನಿಮ್ಮ ಮಗಳ ಹೆಸರಿಗೂ ಬೆನ್ಜ್ ಕಾರಿಗೂ ಹೀಗೊಂದು ದೂರದ ನೆಂಟಸ್ತಿಕೆ ಇದೆ. ಅತ್ತೆಯವರನ್ನು ಒಪ್ಪಿಸಲು ಬೇರೇನೂ ಸಾಲದಿದ್ದರೆ ಇದನ್ನು ಹೇಳಿ ನೋಡಿ.

ಯೆಹೂದಿಗಳ ನಡುವೆ ಈ ಹೆಸರಿನ ಸುತ್ತ ಬೆಳೆದ ಒಂದು ಐತಿಹ್ಯವನ್ನು ಹೇಳದೆ ಬಿಡಲಾರೆ. ಅರಣ್ಯಕಾಂಡ 20ರಲ್ಲಿ ಮಿರ್ಯಾಮಳು ಕಾದೇಶಿನಲ್ಲಿ ಸಾಯುತ್ತಾಳೆ. ಮರುವಚನದಲ್ಲೇ ‘ಜನರಿಗೆ ನೀರಿರಲಿಲ್ಲ’ ಎಂದಿದೆ. ಈ ಎರಡು ವಚನಗಳ ನಡುವಿನ ಸಂದಿಯಲ್ಲಿ ರಬ್ಬಿಗಳು ಒಂದು ಬಾವಿ ತೋಡಿದರು: ಮರುಭೂಮಿಯ ನಲವತ್ತು ವರ್ಷ ಅವಳ ಪುಣ್ಯಕ್ಕೆ ಒಂದು ಬಾವಿ ಜನರ ಜೊತೆ ಜೊತೆಗೇ ಉರುಳಿಕೊಂಡು ಬರುತ್ತಿತ್ತು, ಅವಳು ಹೋದಳು, ಬಾವಿಯೂ ಹೋಯಿತು. ಮೊದಲಿಗೆ ತಮ್ಮನ ಬುಟ್ಟಿ ತೇಲಿದ ನೈಲ್ ನದಿಯ ದಡದಲ್ಲಿ ಕಾವಲು ನಿಂತ ಹುಡುಗಿ, ಆಮೇಲೆ ಸಮುದ್ರದ ದಡದಲ್ಲಿ ಹಾಡಿದವಳು, ಕೊನೆಗೆ ಬಾವಿ. ಈಗೀಗ ಕೆಲವು ಯೆಹೂದಿ ಮನೆಗಳಲ್ಲಿ ಪಸ್ಕದ ಮೇಜಿನ ಮೇಲೆ ಪ್ರವಾದಿ ಎಲೀಯನ ದ್ರಾಕ್ಷಾರಸದ ಬಟ್ಟಲಿನ ಪಕ್ಕದಲ್ಲಿ ಮಿರ್ಯಾಮಳಿಗೆಂದು ಒಂದು ಬಟ್ಟಲು ನೀರು ಇಡುತ್ತಾರೆ. ಆ ನೀರು ಕಹಿಯಲ್ಲ.

ಕೊನೆಗೆ ವ್ಯವಹಾರದ ಮಾತು. ಕನ್ನಡದಲ್ಲಿ ಮಿರಿಯಂ, ಮಿರಿಯಮ್, ಮಿರ್ಯಾಮ್ ಮೂರೂ ಸರಿ. ಮೂಲಕ್ಕೆ ಹತ್ತಿರದ್ದು ಬೇಕಾದರೆ ‘ಮಿರ್ಯಾಮ್’, ಒತ್ತು ‘ಯಾ’ ಮೇಲೆ. ಬರೆಯಲು, ಕೂಗಲು ಸಲೀಸು ‘ಮಿರಿಯಂ’. ಯಾವುದನ್ನೇ ಆರಿಸಿ, ಜನನ ಪ್ರಮಾಣಪತ್ರದಲ್ಲಿ ಬರೆಸಿದ ಕಾಗುಣಿತವನ್ನೇ ಆಧಾರ್‌ಗೂ ಶಾಲೆಗೂ ಕೊಡಿ. ಇಂಗ್ಲಿಷಿನಲ್ಲಿ ಎರಡನೆಯ ಸ್ವರಕ್ಕೆ ‘ಐ’ ಹಾಕುವುದೋ ‘ವೈ’ ಹಾಕುವುದೋ ಎಂದು ಈಗಲೇ ತೀರ್ಮಾನಿಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ಅಫಿಡವಿಟ್ಟಿಗೆ ಓಡಾಡಬೇಕಾಗುತ್ತದೆ. ಇಸ್ರೇಲಿನಲ್ಲಿ ಈ ಹೆಸರನ್ನು ಮುದ್ದಿಗೆ ‘ಮಿರಿ’ ಎಂದು ಚಿಕ್ಕದು ಮಾಡುತ್ತಾರೆ. ಶಿವಮೊಗ್ಗದಲ್ಲಿ ಅದು ‘ಮಿರಿ’ಯಾಗಿ ಉಳಿಯುತ್ತದೋ, ನಾಲ್ಕು ದಿನಕ್ಕೆ ‘ಮರಿ’ಯಾಗಿ ಮುತ್ತಜ್ಜಿಯ ಹೆಸರಿಗೇ ಹೋಗಿ ಸೇರುತ್ತದೋ, ಅದು ಅತ್ತೆಯವರ ಬಾಯಿಗೆ ಬಿಟ್ಟದ್ದು.